ಜೈಲಿನ ಪುಸ್ತಕ ಬಂದ ಮೇಲೆ

ಜೈಲಿನ ಕಥೆ ಬರೆದವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಹೋದಲ್ಲೆಲ್ಲ ಎಂತಾದರೂ ಒಂದು ಆಗಿಯೇ ಆಗುತ್ತದೆ. ನಾನು ಬಸ್ ಡ್ರೈವರ್ ಆಗಿದ್ದವ. ಕಾಪುವಿನ ಹತ್ತಿರ ಓವರ್‌ಟೇಕ್ ಮಾಡುವ ಅವಸರದಲ್ಲಿ ಒಂದು ಸೈಕಲ್ಲಿಗೆ ಬಡಿದೆ; ಅದರಲ್ಲಿದ್ದವರ ಜೀವ ಹೋಯಿತು. ತಪ್ಪು ನನ್ನದೇ. ಒಂದೂವರೆ ವರ್ಷ ಒಳಗಿದ್ದೆ. ಯಾರ ಹತ್ತಿರವೂ ಹೇಳಲಾಗದ್ದನ್ನು ಬರೆಯುತ್ತಾ ಹೋದೆ, ಅದು ಪುಸ್ತಕವಾಯಿತು. ಅದರಲ್ಲಿ ನಗು ಇಲ್ಲ. ನಗು ಬಂದದ್ದು ಆಮೇಲೆ.

ಪುರುಸೊತ್ತು

ಮಣಿಪಾಲದ ಡಿಟಿಪಿ ಅಂಗಡಿಯಲ್ಲಿ ನನ್ನ ಪಕ್ಕ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ಕೂತಿದ್ದಳು. ನನ್ನ ಹಸ್ತಪ್ರತಿಯ ದಪ್ಪವನ್ನೂ ಪುಟಗಳ ಮೇಲಿದ್ದ ತಾರೀಕುಗಳನ್ನೂ ನೋಡಿ ಕಣ್ಣರಳಿಸಿದಳು.

"ಒಂದೂವರೆ ವರ್ಷದಲ್ಲಿ ಇಷ್ಟು ಬರೆದಿರಾ ಸರ್? ನನ್ನದು ಐದು ವರ್ಷವಾದರೂ ಮುಗಿದಿಲ್ಲ. ಎಲ್ಲಿ ಕೂತು ಬರೆದದ್ದು?"

"ಜೈಲಿನಲ್ಲಿ."

ಅವಳು ಹೆದರಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳು: "ಅಲ್ಲಿ ಗೈಡ್ ಇರುವುದಿಲ್ಲ, ಅಲ್ವಾ?"

ದಾರಿ

ಕಾರ್ಕಳದ ಕಾಲೇಜೊಂದಕ್ಕೆ ಮಾತಾಡಲು ಕರೆದರು. ಅಧ್ಯಕ್ಷರು ಪುಸ್ತಕ ತೆರೆದಿರಲಿಲ್ಲ. "ಮಕ್ಕಳೇ, ಇವರು ನಡೆದ ದಾರಿಯಲ್ಲೇ ನೀವೂ ನಡೆಯಬೇಕು!" ಎಂದುಬಿಟ್ಟರು.

ನಾನು ಎದ್ದು ಹೇಳಿದೆ: "ದಯವಿಟ್ಟು ಬೇಡ. ಗಾಡಿ ನಿಧಾನ ಓಡಿಸಿ. ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ, ರಸ್ತೆಯಲ್ಲಿ ಹೋಗುವವರಿಗೂ ಇದ್ದಾರೆ." ಅಧ್ಯಕ್ಷರು ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಎಂತಹ ವಿನಯ ಮಾರಾಯ್ರೆ ನಿಮ್ಮದು!"

ದುಬೈ

ನಾನು ಒಳಗಿದ್ದಾಗ ಅಮ್ಮ ಅಂಬಲಪಾಡಿಯ ನೆರೆಮನೆಗಳಲ್ಲೆಲ್ಲ "ಮಗ ದುಬೈಯಲ್ಲಿದ್ದಾನೆ" ಎಂದು ಹೇಳಿದ್ದರಂತೆ. ಪುಸ್ತಕ ಅಚ್ಚಾದಾಗ ಅವರಿಗೆ ಅದೇ ಚಿಂತೆ. "ಇನ್ನು ಅವರ ಮುಖ ಹೇಗೆ ನೋಡುವುದು ಮಗಾ?"

ಅಮ್ಮನನ್ನು ಕರೆದುಕೊಂಡು ಪಕ್ಕದ ಮನೆಯ ಅಕ್ಕನಲ್ಲಿಗೆ ಹೋದೆ. ಪುಸ್ತಕ ಕೊಟ್ಟು, "ಅಕ್ಕ, ನಾನು ದುಬೈಗೆ ಹೋಗಿರಲಿಲ್ಲ" ಎಂದೆ.

"ಗೊತ್ತುಂಟು. ಪೇಪರಿನಲ್ಲಿ ಬಂದಿತ್ತಲ್ಲ."

"ಮತ್ತೆ ಯಾರೂ ಎಂತದೂ ಹೇಳಲಿಲ್ಲವಾ?"

"ಹೇಗೆ ಹೇಳುವುದು? ನೀನು ಕಳಿಸಿದ್ದು ಅಂತ ನಿನ್ನ ಅಮ್ಮ ಮನೆಮನೆಗೆ ಸೋಪು ಹಂಚಿದರು. ಅದರ ಮೇಲೆ ಉಡುಪಿಯ ಅಂಗಡಿ ಚೀಟಿ ಹಾಗೇ ಇತ್ತು. ಅವರಿಗೆ ಕಾಣಬಾರದು ಅಂತ ನಾವೇ ಕಿತ್ತು ಬಿಸಾಡಿದೆವು."

ಅಮ್ಮ ಅಳುತ್ತಾರೆ ಎಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟಿನಲ್ಲೇ ಕೇಳಿದರು:

"ಎಲ್ಲ ಗೊತ್ತಿದ್ದೂ, 'ನಮ್ಮ ಅಳಿಯನಿಗೂ ಅಲ್ಲೇ ಒಂದು ಕೆಲಸ ನೋಡಲಿಕ್ಕೆ ಮಗನಿಗೆ ಹೇಳಿ' ಅಂತ ನನ್ನ ಹಿಂದೆ ಬಿದ್ದದ್ದೆಂತಕ್ಕೆ?"

"ಅದನ್ನೂ ಕೇಳದಿದ್ದರೆ ನಿಮಗೆ ಸಂಶಯ ಬರುತ್ತಿರಲಿಲ್ಲವಾ?" ಎಂದರು ಅಕ್ಕ.