ಆಡಿನ ಹೊಟ್ಟೆಯಿಂದ ಬಂದ ಬಂಗಾರ

ನಮ್ಮ ಮಾಳಿಗೆ ಮೇಲೆ ನಾನು ಗಿಡ ಬೆಳೆಸುವ ಮಣ್ಣಿನ ಡಬ್ಬಿ ಇರುವತನಕ ಇಂಥ ಪಜೀತಿಗಳು ನಡೆಯುತ್ತಲೇ ಇರುತ್ತವೆ. ನಾನು ಸುಮ್ಮನೆ ಕೂತರೂ ಗಿಡಗಳು ಬಿಡುವುದಿಲ್ಲ. ಅದಿರು ಲಾರಿ ಓಡಿಸುತ್ತಿದ್ದಾಗ, ಜೇಬಿನ ತುಂಬ ತಂಗಡಿ ಬೀಜ ಹಾಕಿಕೊಂಡು ಸಂಡೂರಿನ ಒಂದು ಗುಡ್ಡ ಹತ್ತಿದೆ. ಜೇಬು ತೂತು. ಮುಂದಿನ ಮಳೆಗಾಲಕ್ಕೆ ನಾನು ನಡೆದಲ್ಲೆಲ್ಲ ಹಳದಿ ಹೂವಿನ ಸಾಲು! ಮೇಲೆ ಹೋಗುತ್ತಿದ್ದ ವಿಮಾನದವನು ರಸ್ತೆ ಅಂತ ತಿಳಿದು ಇಳಿಸಲು ಬಂದಿದ್ದ. ಸುಳ್ಳು ಅನ್ನುವವರು ಹೋಗಿ ನೋಡಬಹುದಿತ್ತು. ಆದರೆ ಆ ಗುಡ್ಡವೇ ಈಗ ಇಲ್ಲ, ಲಾರಿಯಲ್ಲಿ ಹೋಯಿತು. ಕೆಲವು ಲೋಡು ನಾನೇ ಹೊಡೆದೆ.

ಸೊಸೆ ಮಾತ್ರ ನಂಬುವುದಿಲ್ಲ. ಒಣಹಾಕಿದ ಅವಳ ಸೀರೆ ನನ್ನ ಗಿಡದ ಮುಳ್ಳಿಗೆ ಸಿಕ್ಕಿ ಹರಿದ ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ಮಾವಾರೆ, ಬರೋ ದಸರಾದೊಳಗ ನಿಮ್ಮ ಗಿಡ ಒಂದಾದ್ರೂ ಮನಿ ಕೆಲಸಕ್ಕ ಬರಬೇಕು. ಇಲ್ಲಂದ್ರ ಡಬ್ಬಿ ಸಮೇತ ತಿಪ್ಪಿಗೆ!”

ಬೀಗರ ಕಳ್ಳಿ

ಕಳ್ಳಿ ತುಂಡನ್ನು ಕಡಿದ ಕೂಡಲೇ ಹಚ್ಚಬಾರದು. ಹಾಲು ಆರಿ ಗಾಯ ಒಣಗುವತನಕ ನೆರಳಲ್ಲಿಟ್ಟು, ಆಮೇಲೆ ಗರಸು ಮಣ್ಣಿನಲ್ಲಿ ಊರಬೇಕು. ಹಂಗೆ ಒಣಗಿಸಿದ್ದರಲ್ಲಿ ಒಂದು ಇಟ್ಟುಕೊಂಡು ಉಳಿದದ್ದನ್ನು ಕಂಪ್ಲಿಯ ಬೀಗರಿಗೆ ಕೊಟ್ಟೆ. ಅವರು ಕಾಲುವೆ ಕೆಳಗಿನ ಭತ್ತದ ಮಂದಿ, ನೀರು ಬಿಡದೆ ಅವರಿಗೆ ನಿದ್ದೆ ಬರುವುದಿಲ್ಲ.

“ಬೀಗರೆ, ಬೇರು ಬಿಡೋತನಕ ಒಂದು ಹನಿ ನೀರು ಹಾಕಬ್ಯಾಡ್ರಿ” ಅಂತ ಆಣೆ ಮಾಡಿಸಿದೆ.

ಸ್ವಲ್ಪ ದಿನಕ್ಕೆ ಫೋನು. “ಬೀಗರೆ, ನಿಮ್ಮ ಕಳ್ಳಿ ಕೊಳೀತಲ್ರೀ!”

“ನೀರು ಹಾಕಿದ್ರೇನು?”

“ದೇವರಾಣೆ ಇಲ್ರೀ! ಬರೇ ಮಜ್ಜಿಗಿ ಹಾಕಿದ್ವಿ.”

ಹಂಪಿಯ ತಿಕ್ಕಾಟ

ತಂಗಡಿ ಬೀಜದ ಸಿಪ್ಪೆ ಗಟ್ಟಿ; ಕಲ್ಲಿಗೆ ತುಸು ತಿಕ್ಕಿದರೆ ಜಲ್ದಿ ಮೊಳೆಯುತ್ತದೆ. ಹಂಪಿಯಲ್ಲಿ ಒಂದು ಬಂಡೆ ನೋಡಿಕೊಂಡು ತಿಕ್ಕುತ್ತ ಕೂತಿದ್ದೆ. ಹೊರದೇಶದ ಹೆಣ್ಣುಮಗಳೊಬ್ಬಳು ಬಂದು ಕೈಮುಗಿದು, ಎದುರಿಗೆ ಕಾಲು ಮಡಚಿ ಕೂತಳು. ಒಂದು ಹಿಡಿ ಬೀಜ ಕೊಟ್ಟೆ. ಕಣ್ಣು ಮುಚ್ಚಿ ತಿಕ್ಕತೊಡಗಿದಳು. ಅವಳನ್ನು ಕಂಡು ಇನ್ನೊಬ್ಬ, ಅವನನ್ನು ಕಂಡು ಒಂದು ಬಸ್ಸಿನ ಮಂದಿ! ನಾನು ನೆರಳಿಗೆ ಹೋಗಿ ಅಡ್ಡಾದೆ. ಎದ್ದಾಗ ನನ್ನ ಬೀಜದ ಚೀಲವೆಲ್ಲ ಖಾಲಿ, ಒಂದೂ ಬಿಡದೆ ತಿಕ್ಕಿದ್ದರು. ಆ ಹೆಣ್ಣುಮಗಳು ಗೈಡನ ಬಾಯಲ್ಲಿ ಕೇಳಿಸಿದಳು: “ಅಜ್ಜಾರೆ, ನಾಳೆ ಎಷ್ಟೊತ್ತಿಗೆ ಶುರು?”

ಬನ್ನಿ

ಅಷ್ಟಾದರೂ ತಂಗಡಿ ಸಸಿಗಳನ್ನೆಲ್ಲ ಮಂಗಗಳು ಕಿತ್ತವು. ನನ್ನ ಪಾಲಿನ ಕಳ್ಳಿ ಬದುಕಿತ್ತು, ಆದರೆ ಕಳ್ಳಿಯಿಂದ ಮನೆಗೇನು ಕೆಲಸ? ದಸರಾ ಹತ್ತಿರ ಬಂತು, ಸೊಸೆ ತಿಪ್ಪೆ ಕಡೆ ನೋಡತೊಡಗಿದಳು. ಉಳಿದದ್ದು ಬನ್ನಿ ಒಂದೇ.

ಬನ್ನಿಯನ್ನು ನಾನು ಬೇಸಿಗೆಯಲ್ಲೇ ನಮ್ಮ ಆಡಿನ ಕೈಗೆ ವಹಿಸಿದ್ದೆ. ಆಡಿಗೆ ಕಾಯಿ ತಿನ್ನಿಸಬೇಕು, ಹೊಟ್ಟೆಯಲ್ಲಿ ಬೀಜ ಮೆತ್ತಗಾಗುತ್ತದೆ, ಹಿಕ್ಕಿ ಆರಿಸಿ ಊರಿದರೆ ಮುಗಿಯಿತು. ಎದ್ದಿತು ನೋಡಿ ಸಸಿ! ಮಂದಿಯ ಬನ್ನಿ ವರ್ಷವಾದರೂ ಗೇಣುದ್ದ, ನನ್ನದು ಹಬ್ಬಕ್ಕೆ ಎದೆಮಟ್ಟ. ಓಣಿಗೆಲ್ಲ ಸಾರಿದೆ: “ಈ ಸಲ ಯಾರೂ ಬನ್ನಿ ತರಬ್ಯಾಡ್ರಿ, ಬಂಗಾರ ನಮ್ಮ ಮನೀದು!”

ವಿಜಯದಶಮಿ ಸಂಜೆ ಓಣಿಯ ಮಂದಿಯೆಲ್ಲ ನಮ್ಮ ಕಟ್ಟೆಗೆ ಬಂದರು. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ” ಅನ್ನುತ್ತ ಎಲೆ ಹಂಚಿದೆ. ಎಲ್ಲರೂ ಕಣ್ಣಿಗೊತ್ತಿಕೊಳ್ಳತೊಡಗಿದರು. ಸೊಸೆ ಮಾತ್ರ ಟೊಂಗೆಯನ್ನೇ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಮಾವಾರೆ, ನಾ ಮರಿಯಮ್ಮನಹಳ್ಳ್ಯಾಕಿ. ಈ ಮುಳ್ಳು ಒಲಿಗಿಟ್ಟು ರೊಟ್ಟಿ ಬಡಿಯೋದು ಕಲ್ತಾಕಿ. ಇದು ಬನ್ನಿ ಅಲ್ರೀ, ಬಳ್ಳಾರಿ ಜಾಲಿ!”

ಎಲ್ಲರ ಕೈಗಳು ಕಣ್ಣಿನ ಹತ್ತಿರವೇ ನಿಂತವು.

“ನಾ ತಿನ್ನಿಸಿದ್ದು ಬನ್ನಿಕಾಯಿನ” ಅಂದೆ. “ಬೀದ್ಯಾಗ ಅದು ಮತ್ತೇನು ತಿಂದೈತೋ, ಆಡಿಗೆ ಕೇಳ್ರಿ.”

“ಮತ್ತ ಮನಿ ಕೆಲಸಕ್ಕ ಬರೋ ಗಿಡ ಎಲ್ಲೈತ್ರಿ?” ಅಂದಳು ಸೊಸೆ.

“ಒಲಿಗೆ ಬರ್ತೈತಂತ ಈಗ ನೀನ ಹೇಳಿದೆಲ್ಲವಾ” ಅಂದು ಹೆಗಲು ಕುಣಿಸಿದೆ.