ಸಿಸ್ಟರ್, ಬರೆದುಕೊಳ್ಳಿ

ಎಲ್ಲ ಶುರುವಾದದ್ದು ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ, ವಿಶಾಖಪಟ್ಟಣದ ಒಂದು ನರ್ಸಿಂಗ್ ಹೋಮಿನ ಎರಡು ಮಂಚದ ಕೋಣೆಯಲ್ಲಿ, ಮಹಾಬಲೇಶ್ವರನಿಗೆ ಗ್ಯಾಸ್ ಹೋದದ್ದರಿಂದ.

ಇದೂ ಒಂದು ಕತೆಯೇ ಎಂದು ಮೂಗು ಮುರಿಯಬೇಡಿ. ಹೊಟ್ಟೆ ಕೊಯ್ಸಿಕೊಂಡವರನ್ನು ಕೇಳಿ ನೋಡಿ, ಅದರ ಬೆಲೆ ಹೇಳುತ್ತಾರೆ. ಮಹಾಬಲೇಶ್ವರ ಮೂರು ವರ್ಷ ಹೊಟ್ಟೆನೋವಿನಲ್ಲಿ ನರಳಿದ್ದ. ಒಬ್ಬ ಡಾಕ್ಟರು ಅಸಿಡಿಟಿ ಎಂದರು, ಇನ್ನೊಬ್ಬರು ಟಿ.ಬಿ. ಎಂದು ಆರು ತಿಂಗಳು ಮಾತ್ರೆ ನುಂಗಿಸಿದರು, ಹೆಂಡತಿಯ ತವರಿನವರು ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದರು. ಕಡೆಗೆ ಅದು ಕ್ರೋನ್ಸ್ ಎಂಬ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಸಣ್ಣ ಕರುಳು ಒಂದು ಕಡೆ ಬಾತು ದಾರಿಯೇ ಮುಚ್ಚಿಹೋಗಿತ್ತು. ಒಂದು ಮೊಳ ಕರುಳು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದರು. ಹೊಲಿದ ಕರುಳು ಮತ್ತೆ ಕೆಲಸಕ್ಕೆ ಹಾಜರಾಯಿತು ಅನ್ನುವುದಕ್ಕೆ ಡಾಕ್ಟರ ಲೆಕ್ಕದಲ್ಲಿ ಗುರುತು ಒಂದೇ, ಗಾಳಿ ಕೆಳಗಿನಿಂದ ಹೋಗಬೇಕು. ಅಲ್ಲಿಯವರೆಗೆ ಬಾಯಿಗೆ ಒಂದು ಹನಿ ನೀರೂ ಇಲ್ಲ.

ಐದು ದಿನದಿಂದ ಅವನು ಬರೀ ಡ್ರಿಪ್ಪಿನ ಮೇಲೆ ಬದುಕಿದ್ದ. ಹೆಂಡತಿಯ ಮುಖ ನೆನಪಾಗುವುದಕ್ಕಿಂತ ಹೆಚ್ಚು ಸಲ ಕಾಫಿ ಲೋಟ ನೆನಪಾಗುತ್ತಿತ್ತು.

ಹಾಗಾಗಿ ಐದು ಹತ್ತಕ್ಕೆ ಹೊಟ್ಟೆಯೊಳಗೆ ಏನೋ ಗುಡುಗುಟ್ಟಿ, ಹೋಗಬೇಕಾದದ್ದು ಹೋದಾಗ ಅವನ ಕಣ್ಣಲ್ಲಿ ನೀರೇ ಬಂತು. ತಕ್ಷಣ ಎದೆ ಧಸಕ್ಕೆಂದಿತು. ಪಕ್ಕದ ಬೆಂಚಿನ ಮೇಲೆ ಅತ್ತೆ ಸೀತಾಮಹಾಲಕ್ಷ್ಮಿ ಮಲಗಿದ್ದರು. ಮುಖದ ಮೇಲೆ ಸೆರಗಿತ್ತು. ಎಚ್ಚರವಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ಅತ್ತೆ ಬಳ್ಳಾರಿಯವರು, ಮದುವೆಯಾಗಿ ವಿಜಯವಾಡಕ್ಕೆ ಬಂದು ನಲವತ್ತು ವರ್ಷವಾಗಿತ್ತು. ಮನೆಯ ಕನ್ನಡ ಬಿಟ್ಟಿರಲಿಲ್ಲ, ಆದರೆ ಅಳಿಯನಿಗೆ ಮರ್ಯಾದೆ ಕೊಡುವುದರಲ್ಲಿ ಪೂರ್ತಿ ಕೃಷ್ಣಾತೀರದವರಾಗಿದ್ದರು. ಮೊದಲ ದಸರೆಗೆ ವಿಜಯವಾಡಕ್ಕೆ ಹೋದಾಗ ಬೆಳ್ಳಿ ತಟ್ಟೆ ಇಟ್ಟು, ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸಿದ್ದರು. ಮಹಾಬಲೇಶ್ವರ ದಾವಣಗೆರೆಯ ಹುಡುಗ, ಮೆಣಸಿನಕಾಯಿ ಮಂಡಕ್ಕಿ ತಿಂದು ಬೆಳೆದವನು. ಆ ಮರ್ಯಾದೆಯ ಭಾರಕ್ಕೆ ಅಂದಿನಿಂದ ಅವರೆದುರು ಅವನು ಜೋರಾಗಿ ಸೀನಿದವನೂ ಅಲ್ಲ. ಇನ್ನು ಇದನ್ನು ಬಾಯಿಬಿಟ್ಟು ಹೇಳುವುದೆಂದರೆ!

ಏಳೂವರೆಗೆ ಡಾಕ್ಟರು ಬಂದರು. ಹಿಂದೆ ಸಿಸ್ಟರ್ ಸಾಯಿಪ್ರಿಯಾ ಫೈಲು ಹಿಡಿದು ನಿಂತಳು, ಅವಳ ಹಿಂದೆ ಆರು ಜನ ನರ್ಸಿಂಗ್ ಹುಡುಗಿಯರು. ಬಾಗಿಲ ಬಳಿಯ ಮಂಚದ ಸೂರ್ಯಪ್ರಕಾಶ ಅವರನ್ನು ಮೊದಲು ವಿಚಾರಿಸಿದರು. ಅವರು ರೈಲ್ವೆಯ ನಿವೃತ್ತ ಸ್ಟೇಷನ್ ಮಾಸ್ಟರು, ಹರ್ನಿಯಾದಲ್ಲಿ ಕರುಳು ಸಿಕ್ಕಿಬಿದ್ದು ಅವರಿಗೂ ಆಪರೇಷನ್ ಆಗಿತ್ತು, ಅವರದೂ ಇದೇ ಉಪವಾಸ.

"ಗ್ಯಾಸ್ ಹೋಯಿತಾ ಸೂರ್ಯಪ್ರಕಾಶ ಗಾರೂ?"

"ಹೋಯಿತು ಸಾರ್! ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ, ರೈಟ್ ಟೈಮ್!" ಎಂದರು ಅವರು, ಗಾಡಿ ಪ್ಲಾಟ್‌ಫಾರಂಗೆ ಬಂದ ವರದಿ ಕೊಡುವಂತೆ.

"ಗುಡ್. ಸಿಸ್ಟರ್, ಬರೆದುಕೊಳ್ಳಿ. ಕಾಫಿ ಕೊಡಬಹುದು."

ಇಬ್ಬರಿಗೂ ಒಂದೇ ಗಳಿಗೆಗೆ! ಎಂಥ ಋಣಾನುಬಂಧವಪ್ಪಾ ಎಂದು ಮಹಾಬಲೇಶ್ವರ ಬೆರಗಾದ. ಅಷ್ಟರಲ್ಲಿ ಡಾಕ್ಟರು ಅವನ ಕಡೆ ತಿರುಗಿದರು.

"ನಿಮ್ಮದೇನು? ಹೋಯಿತಾ?"

ಆರು ಹುಡುಗಿಯರೂ ಅವನನ್ನೇ ನೋಡಿದರು. ಅತ್ತೆ ಎದ್ದು ಸೆರಗು ಹೊದ್ದು ಕೈ ಮುಗಿದು ನಿಂತರು. ಮಹಾಬಲೇಶ್ವರನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು, "ಇಲ್ಲ ಸಾರ್."

"ಹಾಗಾದರೆ ಸಂಜೆಯವರೆಗೆ ನೋಡೋಣ. ಆಗಲೂ ಇಲ್ಲದಿದ್ದರೆ ಮೂಗಿನಲ್ಲಿ ಮತ್ತೆ ಟ್ಯೂಬ್ ಹಾಕಬೇಕಾಗುತ್ತೆ."

ಆ ಟ್ಯೂಬು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಹೊಟ್ಟೆಗೆ ಇಳಿಯುವ ಅದನ್ನು ಎರಡು ದಿನ ಸಹಿಸಿದ್ದ. ಆಪರೇಷನ್ನಿನ ಗಾಯವನ್ನಾದರೂ ಮರೆತಾನು, ಅದನ್ನು ಮರೆಯುವಂತಿರಲಿಲ್ಲ. ಸಂಜೆಯೊಳಗೆ ಹೇಗಾದರೂ ನಿಜ ಹೇಳಿಬಿಡಬೇಕು ಎಂದು ತೀರ್ಮಾನಿಸಿದ.

ಎಂಟಕ್ಕೆ ಸೂರ್ಯಪ್ರಕಾಶರ ಹೆಂಡತಿ ಲಕ್ಷ್ಮೀಕಾಂತಮ್ಮ ಫ್ಲಾಸ್ಕ್ ತಂದರು. ಮುಚ್ಚಳ ತೆಗೆದದ್ದೇ ತಡ, ಕೋಣೆಯೆಲ್ಲ ಕಾಫಿಯ ಘಮಲು ತುಂಬಿತು. "ಡಿಕಾಕ್ಷನ್ ಸ್ವಲ್ಪ ಸ್ಟ್ರಾಂಗ್ ಆಯಿತು ಕಣೆ," ಎಂದು ಸೂರ್ಯಪ್ರಕಾಶರು ಚಪ್ಪರಿಸಿದರು. ಮಹಾಬಲೇಶ್ವರ ಗೋಡೆ ಕಡೆ ತಿರುಗಿಕೊಂಡ.

ಸಾಯಿಪ್ರಿಯಾ ಡ್ರಿಪ್ ಬದಲಾಯಿಸಲು ಬಂದಾಗ ಮೆಲ್ಲಗೆ ಕೈಸನ್ನೆ ಮಾಡಿ ಹತ್ತಿರ ಕರೆದ. ಅವಳು ಬಗ್ಗುವುದರೊಳಗೆ ಇನ್ನೊಂದು ಕಿವಿಯ ಹತ್ತಿರ ಅತ್ತೆ ಬಗ್ಗಿದ್ದರು. "ಏನು ಬೇಕ್ರಿ ಅಳಿಯಂದ್ರೆ? ಸಂಕೋಚ ಮಾಡ್ಕೋಬ್ಯಾಡ್ರಿ."

"ದಿಂಬು," ಎಂದ ಮಹಾಬಲೇಶ್ವರ.

ದಿಂಬು ಬಂತು. ಹತ್ತು ಗಂಟೆಗೆ ಮತ್ತೆ ಪ್ರಯತ್ನಿಸಿದ, ಎರಡನೇ ದಿಂಬು ಬಂತು. ಮಧ್ಯಾಹ್ನದೊಳಗೆ ಅವನ ಸುತ್ತ ಐದು ದಿಂಬು ಸೇರಿ, ಮಂಚದಲ್ಲಿ ಅವನಿಗೇ ಜಾಗ ಸಾಲದಾಯಿತು.

ಹನ್ನೆರಡಕ್ಕೆ ದುವ್ವಾಡದಿಂದ ಸಹೋದ್ಯೋಗಿ ಬಾಬ್ಜಿ ಬಂದ. ಇಬ್ಬರೂ ಅಲ್ಲಿನ ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದವರು. ಆ ವಿಭಾಗದ ನಿಯಮವೊಂದಿತ್ತು, ಬರೆದದ್ದು ಮಾತ್ರ ನಡೆದದ್ದು, ಬರೆಯದೆ ಇದ್ದದ್ದು ನಡೆದೇ ಇಲ್ಲ. ಮಾತ್ರೆ ಎಷ್ಟೇ ಚೆನ್ನಾಗಿರಲಿ, ಹಾಳೆಯಲ್ಲಿ ಸಮಯ, ಸಹಿ ಇಲ್ಲದಿದ್ದರೆ ಮಹಾಬಲೇಶ್ವರ ಇಡೀ ಬ್ಯಾಚನ್ನೇ ತಡೆದು ನಿಲ್ಲಿಸುತ್ತಿದ್ದ. ಅದಕ್ಕೆ ಅವನನ್ನು ಕಂಡರೆ ಕಾರ್ಖಾನೆಯಲ್ಲಿ ಎಲ್ಲರಿಗೂ ಭಯ.

"ಇನ್ನೂ ಇಲ್ಲವಾ ಗುರೂಗಾರು?" ಎಂದು ಬಾಬ್ಜಿ ಗಾಬರಿಯಾದ. "ನಡೆಯಬೇಕು! ನಮ್ಮ ಬಾವನಿಗೆ ನಡೆಸಿ ನಡೆಸಿಯೇ ಹೋಗಿದ್ದು."

ಬೇಡವೆಂದರೂ ಕೇಳದೆ ಎಬ್ಬಿಸಿದರು. ಮುಂದೆ ಡ್ರಿಪ್ಪಿನ ಕಂಬ ತಳ್ಳುತ್ತ ಬಾಬ್ಜಿ, ನಡುವೆ ಹೊಟ್ಟೆ ಹಿಡಿದುಕೊಂಡ ಮಹಾಬಲೇಶ್ವರ, ಹಿಂದೆ ದುರ್ಗೆಯ ಸ್ತೋತ್ರ ಹೇಳುತ್ತ ಅತ್ತೆ. ವರಾಂಡದಲ್ಲಿ ಎಂಟು ಸುತ್ತು ಮೆರವಣಿಗೆ ಆಯಿತು. ಪ್ರತಿ ಸುತ್ತಿಗೂ ಸೂರ್ಯಪ್ರಕಾಶರು ಮಂಚದಿಂದಲೇ, "ಬಂತಾ?" ಎಂದು ಕೂಗುತ್ತಿದ್ದರು. ಉಳಿದ ಕೋಣೆಯ ರೋಗಿಗಳೂ ಇಣುಕಿ ನೋಡಿ, "ಪಾಪ, ಇನ್ನೂ ಇಲ್ಲವಂತೆ," ಎಂದು ಮರುಗಿದರು. ವಾಪಸ್ ಬಂದ ಮೇಲೆ ಲಕ್ಷ್ಮೀಕಾಂತಮ್ಮನ ಸಲಹೆಯಂತೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿ, ಹೊಲಿಗೆಯನ್ನು ತಪ್ಪಿಸಿ ಹೊಟ್ಟೆಯ ಪಕ್ಕಕ್ಕೆ ಅಂಟಿಸಿದರು.

"ನಾನು ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷ ಇದ್ದೆ," ಎಂದು ಸೂರ್ಯಪ್ರಕಾಶರು ಕನ್ನಡದಲ್ಲೇ ಧೈರ್ಯ ಹೇಳಿದರು. "ನಿಮ್ಮ ಕಡೆಯವರು ಗಟ್ಟಿಗರು. ಇವತ್ತಲ್ಲ ನಾಳೆ ಆಗ್ತದ ಬಿಡ್ರಿ." ಹೇಳುತ್ತಲೇ ತಮ್ಮ ಹೊಟ್ಟೆ ನೀವಿಕೊಂಡು ದೊಡ್ಡದಾಗಿ ತೇಗಿದರು. ಮೂರನೇ ಲೋಟದ ನಂತರ ಅವರ ಹೊಟ್ಟೆ ಯಾಕೋ ಉಬ್ಬಿಕೊಂಡಿತ್ತು. ಡಿಕಾಕ್ಷನ್ನಿನ ದೋಷ ಎಂದು ಹೆಂಡತಿಯನ್ನು ಬೈದರು.

ಆರೂವರೆಯಾಯಿತು. ಬಾಬ್ಜಿ, ಲಕ್ಷ್ಮೀಕಾಂತಮ್ಮ ಇಬ್ಬರೂ ಮನೆಗೆ ಹೋಗಿಯಾಗಿತ್ತು. ಹೆಂಡತಿ ರಾಜ್ಯಲಕ್ಷ್ಮಿ ಶಾಲೆಯ ಟೀಚರು, ಪರೀಕ್ಷೆಯ ಕೆಲಸ ಮುಗಿಸಿ ಅವಳು ಬರುವುದು ಏಳೂವರೆಗೆ. ಡಾಕ್ಟರ ದನಿ ಆಗಲೇ ಪಕ್ಕದ ಕೋಣೆಯಲ್ಲಿ ಕೇಳಿಸುತ್ತಿತ್ತು. ಥಟ್ಟನೆ ಮಹಾಬಲೇಶ್ವರನಿಗೆ ಮೊಬೈಲು ನೆನಪಾಯಿತು. ಇಷ್ಟು ಸುಲಭದ ದಾರಿ ಬೆಳಗಿನಿಂದ ಹೊಳೆಯಲೇ ಇಲ್ಲವಲ್ಲ! ಹೊದಿಕೆಯೊಳಗೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಿ ಹೆಂಡತಿಗೆ ಕಳಿಸಿದ.

ಅತ್ತೆಯ ಕೈಚೀಲದಲ್ಲಿ ಟಿಣ್ ಎಂದಿತು.

"ಅಯ್ಯೋ, ರಾಜಿ ಫೋನು ನನ್ನ ಹತ್ರನೇ ಬಿಟ್ಟು ಹೋಗ್ಯಾಳ, ವಿಜಯವಾಡಕ್ಕ ಮಾತಾಡಲಿಕ್ಕೆ ಬೇಕಾಗ್ತದಂತ," ಎಂದು ಅತ್ತೆ ಫೋನು ಹೊರತೆಗೆದರು. "ಅರ್ಜೆಂಟ್ ಏನರ ಇರಬೋದು. ನನಗ ಕನ್ನಡಕ ಇಲ್ಲ. ಸೂರ್ಯಪ್ರಕಾಶಗಾರೂ, ಸ್ವಲ್ಪ ಓದ್ರಿ."

"ಬೇಡ!" ಎಂದು ಮಹಾಬಲೇಶ್ವರ ಏಳಲು ಹೋದ. ಐದು ದಿಂಬುಗಳು ಬಿಡಲಿಲ್ಲ. ಡಾಕ್ಟರು ಒಳಗೆ ಕಾಲಿಡುವುದಕ್ಕೂ ಸೂರ್ಯಪ್ರಕಾಶರು ಸ್ಟೇಷನ್ ಕಂಠದಲ್ಲಿ ಓದುವುದಕ್ಕೂ ಸರಿಹೋಯಿತು.

"ರಾಜಿ, ನನಗೆ ಬೆಳಿಗ್ಗೆ ಐದು ಹತ್ತಕ್ಕೇ ಗ್ಯಾಸ್ ಹೋಗಿದೆ. ಅತ್ತೆ ಎದುರಿಗೆ ಹೇಳಲು ನಾಚಿಕೆ. ನೀನೇ ಡಾಕ್ಟರಿಗೆ ಫೋನ್ ಮಾಡಿ ಹೇಳು." ಓದಿ ಮುಗಿಸಿ, ಡಾಕ್ಟರಿಗಾಗಿ ಅದನ್ನೇ ತೆಲುಗಿನಲ್ಲೂ ಹೇಳಿದರು.

ನೆಲ ಬಾಯಿಬಿಡಬಾರದೇ ಅನ್ನಿಸಿತು ಮಹಾಬಲೇಶ್ವರನಿಗೆ. ಆದರೆ ಮರುಗಳಿಗೆ ಮನಸ್ಸು ಹಗುರಾಯಿತು. ಹೋದರೆ ಮಾನ ಹೋಗಲಿ, ಕಾಫಿ ಬರುತ್ತದಲ್ಲ!

"ಐದು ಹತ್ತಕ್ಕೆ ನಾನೂ ಎಚ್ಚರ ಇದ್ದೆ," ಎಂದರು ಅತ್ತೆ ನಿಧಾನವಾಗಿ. "ಸದ್ದು ಕೇಳೀನಿ. ಅಳಿಯಂದ್ರದೇ ಅಂತ ತಿಳಕೊಂಡು ಅಮ್ಮನವರಿಗೆ ಕೈ ಮುಗದೆ. ಅವರಿಗೆ ಮುಜುಗರ ಆಗಬಾರದಂತ ಮುಖದ ಮ್ಯಾಲ ಸೆರಗು ಎಳಕೊಂಡೆ. ಆದ್ರ ನೀವು ಕೇಳಿದಾಗ ಅವರೇ ಇಲ್ಲ ಅಂದ್ರು, ಈ ಹಿರಿಯರು ತಮ್ಮದು ಅಂದ್ರು. ನಾ ಕೇಳಿದ್ದು ಒಂದೇ ಸದ್ದು, ಸುಳ್ಳು ಯಾಕ ಹೇಳಲಿ?"

ಡಾಕ್ಟರು ಫೈಲು ತಿರುವಿದರು. "ಐದು ಹತ್ತು, ಒಂದನೇ ಮಂಚ. ಇಲ್ಲಿ ಬರೆದಿದೆ. ಎರಡನೇ ಮಂಚಕ್ಕೆ ಇಲ್ಲ ಅಂತ ಬರೆದಿದೆ."

"ಆದರೆ ಅದು ನಂದು ಸಾರ್!"

"ಟ್ಯೂಬಿಗೆ ಹೆದರಿ ಎಷ್ಟೋ ಜನ ಹೀಗೆ ಹೇಳುತ್ತಾರೆ. ಔಷಧಿ ಕಂಪನಿಯಲ್ಲಿ ಕೆಲಸ ಮಾಡುವವರು, ನಿಮಗೆ ನಾನು ಹೇಳಬೇಕೇ? ಬರೆದದ್ದನ್ನು ಬಿಟ್ಟು ಬಾಯಿಮಾತು ನಂಬೋಕಾಗುತ್ತಾ? ಸಿಸ್ಟರ್, ಟ್ಯೂಬ್ ತನ್ನಿ." ಡಾಕ್ಟರು ಮುಂದಿನ ಕೋಣೆಗೆ ಹೋದರು.

ಇದೇ ಮಾತು ಹೇಳಿ ಮಹಾಬಲೇಶ್ವರ ಬಾಬ್ಜಿಯನ್ನು ಎರಡು ಸಲ ಅಳಿಸಿದ್ದ. ಅತ್ತೆ ಕಣ್ಣೊರೆಸಿಕೊಂಡು, ವಿಜಯವಾಡಕ್ಕೆ ಫೋನ್ ಮಾಡಿ ಇನ್ನೊಂದು ಹರಕೆ ಹೇಳಿಸುತ್ತೇನೆಂದು ಹೊರಗೆ ಹೋದರು. ಸಾಯಿಪ್ರಿಯಾ ಟ್ಯೂಬು ತರಲು ಹೋದಳು. ಕೋಣೆಯಲ್ಲಿ ಉಳಿದವರು ಇಬ್ಬರೇ.

ಆಗ ಹೊಟ್ಟೆಯೊಳಗೆ ಮತ್ತೆ ಗುಡುಗುಡು ಎಂದಿತು. ಮಹಾಬಲೇಶ್ವರ ಉಸಿರು ಬಿಗಿಹಿಡಿದ. ಈ ಸಲ ಬಂದದ್ದು ಬೆಳಗಿನಂಥದ್ದಲ್ಲ, ಕಾರ್ಖಾನೆಯ ಸೈರನ್ನಿನಂಥದ್ದು. ನಾಚಿಕೆ ಗೀಚಿಕೆ ಎಲ್ಲ ಬಿಟ್ಟು, ಯಾರಾದರೂ ಬನ್ನಿ ಎಂದು ಕರೆಗಂಟೆಯ ಗುಂಡಿಗಾಗಿ ಕೈಚಾಚಿದ. ಗುಂಡಿ ದಿಂಬುಗಳ ಅಡಿಯಲ್ಲೆಲ್ಲೋ ಹೂತುಹೋಗಿತ್ತು. ಒಂದು ದಿಂಬು ಎತ್ತಿದ, ಎರಡು ಎತ್ತಿದ, ಮೂರನೆಯದನ್ನು ಎಸೆದ.

ಅಷ್ಟರಲ್ಲಿ ಬಾಗಿಲ ಬಳಿಯ ಮಂಚದಿಂದ ಗಂಟೆ ಬಾರಿಸಿದ ಸದ್ದಾಯಿತು. ಸಾಯಿಪ್ರಿಯಾ ಟ್ಯೂಬಿನ ತಟ್ಟೆ ಹಿಡಿದು ಓಡಿಬಂದಳು.

"ಸಿಸ್ಟರ್, ಬರೆದುಕೊಳ್ಳಿ," ಎಂದರು ಸೂರ್ಯಪ್ರಕಾಶರು, ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಏಳು ಗಂಟೆ ಎರಡು ನಿಮಿಷ. ಇನ್ನು ಇಡ್ಲಿ ತಿನ್ನಬಹುದಲ್ಲ?"

"ಅದೂ ನಂದು! ಬೆಳಗಿನದೂ ನಂದೇ!" ಎಂದು ಮಹಾಬಲೇಶ್ವರ ಇಡೀ ನರ್ಸಿಂಗ್ ಹೋಮಿಗೆ ಕೇಳುವಂತೆ ಅರಚಿದ.

ಸಾಯಿಪ್ರಿಯಾ ಒಂದನೇ ಮಂಚದ ಹಾಳೆಯಲ್ಲಿ ಸಮಯ ಬರೆದು, ಸಹಿ ಹಾಕಿ, ಅವನ ಬಳಿ ಬಂದು ತಲೆ ನೇವರಿಸಿದಳು.

"ಹೌದು ಸಾರ್, ಎಲ್ಲಾ ನಿಮ್ಮದೇ. ಈಗ ಸ್ವಲ್ಪ ಮೂಗು ಮೇಲಕ್ಕೆತ್ತಿ."