ಮಿಸ್ಸು ಅನ್ನುವ ಮಾತೂ ಗಂಗಿಯ ಒಂದು ರಿಂಗೂ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನಗೆ ಬರುವ ಇಂಗ್ಲಿಷನ್ನೆಲ್ಲ ರಾಶಿ ಹಾಕಿದರೆ ಒಂದು ಪಾವೂ ತುಂಬುವುದಿಲ್ಲ. ಬಸ್ಸು, ಲೈಟು, ಮೋಟ್ರು ಇವನ್ನು ಇಂಗ್ಲಿಷು ಅಂತ ಯಾರೂ ಅನ್ನುವುದಿಲ್ಲ, ಅವು ನಮ್ಮವೇ ಆಗಿ ಎಷ್ಟೋ ಕಾಲವಾಯಿತು. ಆದರೆ ಒಂದು ಮಾತು ಮಾತ್ರ ಹೇಳದೆ ಕೇಳದೆ ನಮ್ಮ ಮನೆಗೆ ಬಂದು ಬೀಗರ ಹಾಗೆ ಕೂತುಬಿಟ್ಟಿದೆ. ಅದೇ ಮಿಸ್ಸು. ಬೀಗರಾದರೂ ಮೂರು ದಿನಕ್ಕೆ ಎದ್ದು ಹೋಗುತ್ತಾರೆ. ಇದು ಏಳುವ ಲಕ್ಷಣ ಕಾಣೆ. ಅದರ ಮೇಲೆ ನನಗೆ ಸಿಟ್ಟಿದೆ. ಸಿಟ್ಟು ಯಾಕೆ ಅಂದರೆ ನನ್ನ ವಾರಗಿತ್ತಿ ಗಂಗಿಯ ವಿಷಯ ಹೇಳಬೇಕು. ಅದಕ್ಕೆ ಮುಂಚೆ ಈ ಬೀಗರ ಗುಣ ಹೇಳಿಬಿಡುತ್ತೇನೆ.

ಹೋದ ವರ್ಷ ನನ್ನ ಮಗ ಶಿವಣ್ಣ ಹಿತ್ತಲಲ್ಲಿ ಬೈಕು ತೊಳೆಯುತ್ತ ಕೂತಿದ್ದ. ಮೇಲಿಂದ ಒಂದು ತೆಂಗಿನಕಾಯಿ ಕಳಚಿ, ಅವನ ಕಿವಿಗೆ ಗಾಳಿ ಬೀಸಿ, ಪಕ್ಕದ ಬಕೆಟ್ಟನ್ನು ಎರಡು ಹೋಳು ಮಾಡಿತು. ನಾನು ಎದೆ ಹಿಡಿದುಕೊಂಡು ಓಡಿದರೆ ಅವನು ಹಲ್ಲು ಕಿರಿಯುತ್ತ, "ಜಸ್ಟ್ ಮಿಸ್ಸು ಕಣಮ್ಮ" ಅಂದ. ನಮ್ಮ ಕಾಲದಲ್ಲಾಗಿದ್ದರೆ ದೇವರಿಗೆ ಹಣ್ಣುಕಾಯಿ ಮಾಡಿಸಬೇಕಾದ ಸಂಗತಿ, ಈಗ ಎರಡು ಮಾತಿಗೆ ಮುಗಿಯಿತು. ಅದೇ ಬೈಕು ಮಾರನೆಯ ದಿನ ದಿಣ್ಣೆ ಹತ್ತಲಾರದೆ ಕೆಮ್ಮತೊಡಗಿತು. ರಿಪೇರಿಯವನು ಕಿವಿಗೊಟ್ಟು ಕೇಳಿ, "ಮಿಸ್ಸಿಂಗ್ ಹೊಡೀತಾ ಐತೆ ಕಣಣ್ಣ" ಅಂದನಂತೆ. ತಲೆ ಉಳಿದರೂ ಮಿಸ್ಸು, ಗಾಡಿ ಕೆಮ್ಮಿದರೂ ಮಿಸ್ಸು. ಮದುವೆಗೆ ಕರೆಯಲು ಬಂದವರು "ಮಿಸ್ ಮಾಡ್ದೆ ಬರ್ಬೇಕು" ಅನ್ನುತ್ತಾರೆ. "ಮಿಸ್ಸೇ ಇಲ್ಲ ಬುಡಿ" ಅಂದವರು ಒಬ್ಬರೂ ಬಂದದ್ದನ್ನು ನಾನು ನೋಡಿಲ್ಲ. "ನೋಡಾನ" ಅಂದ ನಾನು ಹೋಗಿ ಮೂರು ಹೋಳಿಗೆ ತಿಂದು ಬರುತ್ತೇನೆ. ಇನ್ನು ನನ್ನ ಮೊಮ್ಮಗಳು ಚೈತ್ರ. ಬಿಳಿಗೆರೆಯಿಂದ ತಿಪಟೂರಿನ ಕಾಲೇಜಿಗೆ ಹೋಗಿ ಬರುವವಳು. ಒಂದು ದಿನ ಬಸ್ ಸ್ಟಾಪಿನಿಂದಲೇ ವಾಪಸು ಬಂದು, "ಬಸ್ಸು ಮಿಸ್ಸಾಗಿ ಮಿಸ್ಸಿನ ಕ್ಲಾಸು ಮಿಸ್ಸಾಯ್ತು ಕಣಜ್ಜಿ" ಅಂದಳು. ಬಿಕ್ಕಳಿಕೆ ಬಂದಿದೆ ಅಂದುಕೊಂಡು ನೀರು ಕೊಟ್ಟೆ.

ಇದನ್ನೆಲ್ಲ ಸಹಿಸಿದೆ. ಕಾಲೇಜಿನವರು ಎರಡು ದಿನ ಮೈಸೂರಿಗೆ ಕರೆದುಕೊಂಡು ಹೋಗುವಾಗ ಅವಳು ನನ್ನ ಕೆನ್ನೆ ಹಿಡಿದು, "ನಿನ್ನ ತುಂಬಾ ಮಿಸ್ ಮಾಡ್ಕೋತೀನಿ ಅಜ್ಜಿ" ಅಂದಳು ನೋಡಿ, ಅದು ಮಾತ್ರ ತಡೆಯಲಿಲ್ಲ. "ನಾನೇನು ಬಸ್ಸೇನೇ, ಮಿಸ್ಸಾಗಕ್ಕೆ?" ಅಂದೆ. "ಹಂಗಲ್ಲಜ್ಜಿ. ಜೊತೇಲಿಲ್ವಲ್ಲಾ ಅಂತ ಒಳಗೊಳಗೇ ಒಂಥರಾ ಆಗ್ತದಲ್ಲ, ಅದು." "ಒಂಥರಾ ಆದ್ರೆ ಜೀರಿಗೆ ಕಷಾಯ ಕುಡಿ" ಅಂದು ಕಳಿಸಿದೆ. ನಮ್ಮ ಮನೆಯಲ್ಲಿ ಇಂಥ ಮಾತನ್ನು ಬಾಯಿ ಬಿಟ್ಟು ಆಡುವ ಪದ್ಧತಿ ಇಲ್ಲ. ನನ್ನ ಗಂಡ ಹೋಗಿ ಹನ್ನೊಂದು ವರ್ಷವಾಯಿತು. ಇದ್ದಾಗಲೂ ಆಡಲಿಲ್ಲ, ಹೋದ ಮೇಲೆ ಯಾರಿಗೆ ಆಡುವುದು?

ಈಗ ಗಂಗಿ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಐದಾರು ವರ್ಷ ಚಿಕ್ಕವಳು. ನಮ್ಮ ಕಡೆ ಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊಟಗೊಟ ಅನ್ನಬೇಕು, ಆಗ ಆಯಿತು ಅಂತ. ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸುವುದು ಹೆಂಗಸರ ಕೆಲಸ. ನಾನೂ ಗಂಗಿಯೂ ಮೂವತ್ತು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಆ ಕೆಲಸ ಮಾಡಿದೆವು. ಅವಳ ಉಂಡೆ ಒಡೆದರೆ ನಾನು "ಅದು ಕೈಯೇನೇ, ಕೊಡಲಿಯೇನೇ?" ಅನ್ನುತ್ತಿದ್ದೆ. ನನ್ನದು ಒಡೆದರೆ ಅವಳು "ಅಕ್ಕಯ್ಯ, ನೀನು ಮುದುಕಿ ಆದೆ ಬುಡು" ಅನ್ನುತ್ತಿದ್ದಳು. ಅವಳಿಗೆ ಮೊದಲಿಂದಲೂ ಕಿವಿ ಮಂದ. ಅದಕ್ಕೆ ಕಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿ, "ಆಗೈತಾ ಅಕ್ಕಯ್ಯ?" ಅನ್ನುವಳು. "ಆಗೈತೆ." ದಿನಕ್ಕೆ ನೂರು ಸಲ ಆಗೈತಾ, ಆಗೈತೆ. ಅದು ಬಿಟ್ಟರೆ ಜಗಳ.

ಮೈದುನ ತೀರಿಕೊಂಡ ಮೇಲೆ ಅವಳು ದಬ್ಬೇಘಟ್ಟದಲ್ಲಿರುವ ಮಗಳು ಲತಾಳ ಮನೆಗೆ ಹೋದಳು. ಹೋಗುವ ಮುಂಚೆ ಕೊಬ್ಬರಿ ರಾಶಿಯ ಮುಂದೆ ಕೂತೇ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಮಂದ ಕಿವಿಯವಳ ಜೊತೆ ಫೋನಿನಲ್ಲಿ ಮಾತಾಡಿದರೆ ಕೇರಿಯೆಲ್ಲ ಕೇಳುತ್ತದೆ. ಆದ್ದರಿಂದ ಮಾತೇ ಬೇಡ. ದಿನಾ ಬೆಳಿಗ್ಗೆ ಕಾಫಿಗೆ ಇಟ್ಟಾಗ ಚಿಕ್ಕವಳಾದ ಅವಳು ಒಂದು ರಿಂಗು ಕೊಟ್ಟು ಕಟ್ ಮಾಡಬೇಕು, ಎದ್ದಿದ್ದೀನಿ ಅಂತ. ಆಮೇಲೆ ನಾನು ಒಂದು ರಿಂಗು ಕೊಡಬೇಕು, ನಾನೂ ಎದ್ದಿದ್ದೀನಿ ಅಂತ. ಫೋನನ್ನು ಎತ್ತಕೂಡದು. ಇಬ್ಬರಲ್ಲಿ ಒಬ್ಬಳು ಸತ್ತ ದಿನ ಮಾತ್ರ ಮನೆಯವರು ಯಾರಾದರೂ ಎತ್ತಿ ಹೇಳಬೇಕು. ಆರು ವರ್ಷ ಹಾಗೇ ನಡೆಯಿತು. ಈಗ ಎಷ್ಟು ಮಾತಾಡಿದರೂ ದುಡ್ಡಿಲ್ಲವಂತೆ. ನಮಗೇನು? ನಾವು ಮಾತಾಡುವವರಲ್ಲ.

ಈ ಕಟ್ಟಳೆ, ಹೊತ್ತೇರಿ ಏಳುವ ಚೈತ್ರಳಿಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿದ್ದಾಗ, ಯಾರ ಹೆಸರೂ ಹಾಕಿರದ ನನ್ನ ಫೋನು ಪಕ್ಕದಲ್ಲೇ ರಿಂಗಾಯಿತು ಅಂತ ಆ ಮಗು ಒಳ್ಳೆಯ ಮನಸ್ಸಿನಿಂದ ಎತ್ತಿ "ಹಲೋ" ಅಂದಿದೆ. ಆ ಕಡೆಯಿಂದ ಯಾರೋ ಕಿಟಾರನೆ ಕಿರುಚಿದ್ದು ಕೇಳಿತಂತೆ, ಅಷ್ಟರಲ್ಲಿ ಚಾರ್ಜು ಮುಗಿದು ಫೋನು ನಿಂತಿತಂತೆ. ರಾಂಗ್ ನಂಬರು ಅಂದುಕೊಂಡು ನನಗೂ ಹೇಳದೆ ಅವಳು ಕಾಲೇಜಿಗೆ ಹೋದಳು.

ಹನ್ನೊಂದು ಗಂಟೆಯ ಹೊತ್ತಿಗೆ ನಾನು ಜಗಲಿಯ ಮೇಲೆ ಕೊಬ್ಬರಿ ಬಿಡಿಸುತ್ತ ಕೂತಿದ್ದೆ. ಬೀದಿಯ ತುದಿಯಲ್ಲಿ ಅಳು ಕೇಳಿಸಿತು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರೆ. "ಯಾರು ಹೋದ್ರೋ ಪಾಪ" ಅಂದು ನಾನೂ ಸೆರಗು ಸಿಕ್ಕಿಸಿಕೊಂಡು ಅಳಲು ಎದ್ದೆ. ಬಾಡಿಗೆ ಕಾರು ನನ್ನ ಬಾಗಿಲಿಗೇ ಬಂತು. ಅದರಿಂದ ತಲೆ ಬಿಚ್ಚಿದ ಗಂಗಿ ಇಳಿದಳು. ಹಿಂದೆ ಸೇವಂತಿಗೆ ಹಾರ ಹಿಡಿದ ಲತಾ. ಗಂಗಿ ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದಳು: "ಅಕ್ಕಯ್ಯೋ, ಇನ್ಯಾರ ಕಿವೀಗೆ ಕಾಯಿ ಹಿಡೀಲೇ... ಬೈಯೋರೇ ಇಲ್ದಂಗೆ ಮಾಡ್ಬುಟ್ಟು ಹೋದ್ಯಲ್ಲೇ... ಒಂದ್ ರಿಂಗಿಗೆ ಜೀವ ಹಿಡ್ಕೊಂಡಿದ್ನಲ್ಲೇ ನಾನು..." ಆಮೇಲೆ ಕಣ್ಣು ಬಿಟ್ಟಳು. ನಾನು ಕುಡುಗೋಲು ಹಿಡಿದು ನಿಂತಿದ್ದೆ.

"ಸತ್ತಿಲ್ವಾ ನೀನು?" ಅಂದಳು.

"ಇಲ್ಲ ಕಣೇ" ಅಂದೆ.

ಬೀದಿಯವರೆಲ್ಲ ನೆರೆದಿದ್ದರು. ಎದುರು ಮನೆಯ ರುದ್ರಕ್ಕ, "ಹಾರ ತಂದಿದ್ದೀಯ, ಬಾಡೋಗ್ತದೆ, ಹಾಕೇ ಹೋಗು ಗಂಗಮ್ಮ" ಅಂದಳು. ಎಲ್ಲರೂ ನಕ್ಕರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಬಾಯಿ ಎಂದು ಮುಚ್ಚಿದೆ? "ಬಲೇ ಚೆನ್ನಾಗಿ ಅಳ್ತೀಯ ಕಣೇ ಗಂಗಿ! ಇನ್ನೊಂದ್ಸಲ ಮೊದ್ಲಿಂದ ಅಳು, ಕೂತ್ಕೊಂಡು ಕೇಳ್ತೀನಿ" ಅಂದುಬಿಟ್ಟೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ತಲೆ ಗಂಟು ಹಾಕಿಕೊಂಡಳು. ಒಂದು ಲೋಟ ನೀರೂ ಮುಟ್ಟದೆ ಅದೇ ಕಾರು ಹತ್ತಿ ಹೋದಳು. ಹಾರ ಜಗಲಿಯ ಮೇಲೆ ಉಳಿಯಿತು. ಹಸುವಿನ ಕೊರಳಿಗೆ ಹಾಕಿದೆ, ಸಂಜೆಯೊಳಗೆ ಅದು ಹೇಗೋ ಎಳೆದುಕೊಂಡು ತಿಂದು ಮುಗಿಸಿತು.

ಮಾರನೆಯ ಬೆಳಿಗ್ಗೆ ರಿಂಗು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಇಪ್ಪತ್ತೆರಡು ದಿನ. ಚೈತ್ರ ತಾನು ಮಾಡಿದ್ದು ತಿಳಿದು ಕಣ್ಣೀರು ಹಾಕಿ, "ನೀನೇ ಫೋನ್ ಮಾಡಿ, ಮಿಸ್ ಮಾಡ್ಕೋತಿದೀನಿ ಅಂತ ಹೇಳ್ಬುಡಜ್ಜಿ, ಎಲ್ಲ ಸರಿಹೋಗ್ತದೆ" ಅಂದಳು. ಹಿರಿಯಳಾದ ನಾನು ಮೊದಲು ರಿಂಗು ಕೊಡುವುದೇ? ಕೊಡಲಿಲ್ಲ. ಕೊಬ್ಬರಿ ಬಿಡಿಸುವಾಗ ಕಾಯಿ ಅಲ್ಲಾಡಿಸಿ "ಆಗೈತೆ" ಅಂತ ಜೋರಾಗಿ ಅಂದುಬಿಡುತ್ತಿದ್ದೆ. "ಆಗೈತಾ" ಅಂತ ಕೇಳುವವರು ಯಾರೂ ಪಕ್ಕದಲ್ಲಿ ಇರುತ್ತಿರಲಿಲ್ಲ. ಕಾಫಿಯನ್ನು ಎರಡು ಸಲ ಉಕ್ಕಿಸಿದೆ. ಹದಿನೆಂಟನೆಯ ದಿನ, ತುರುವೇಕೆರೆಯಲ್ಲಿ ಕೆಲಸವಿದೆ ಅಂತ ಸುಳ್ಳು ಹೇಳಿ, ಆಧಾರ್ ಕಾರ್ಡು ತೆಗೆದುಕೊಂಡು ಹೊರಟೆ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ತುರುವೇಕೆರೆಯಲ್ಲಿ ಇಳಿದೆ. ದಬ್ಬೇಘಟ್ಟದ ಬಸ್ಸು ಎದುರಿಗೇ ನಿಂತಿತ್ತು. ಹೋಗಿ ಏನು ಹೇಳಲಿ? ಬಸ್ಸು ಹೊರಡುವವರೆಗೂ ನೋಡುತ್ತ ಕೂತಿದ್ದೆ. ಮನೆಗೆ ಬಂದು, "ದಬ್ಬೇಘಟ್ಟಕ್ಕೂ ಹೋಗಿ ಬರಾನ ಅಂದ್ಕೊಂಡೆ, ಬಸ್ಸು ಮಿಸ್ಸಾಯ್ತು" ಅಂದೆ. ಚೈತ್ರ ಒಂದು ಲೋಟ ನೀರು ತಂದು ಕೊಟ್ಟಳು. ಅವಳಿಗೆ ಮಿಸ್ಸುಗಳ ಜಾತಿಯೆಲ್ಲ ಗೊತ್ತು.

ಇಪ್ಪತ್ತಮೂರನೆಯ ಬೆಳಿಗ್ಗೆ, ಅವಮಾನವಾದರೆ ಆಗಲಿ ಅಂತ ಗಂಗಿಯ ನಂಬರು ಒತ್ತಿದೆ. ಒಂದು ರಿಂಗಾಯಿತು. ಕಟ್ ಮಾಡಬೇಕು. ಬೆರಳು ಮುಂದೆ ಹೋಗಲಿಲ್ಲ. ಎರಡಾಯಿತು, ಮೂರಾಯಿತು. ಆ ಕಡೆ ಎತ್ತಿದರು. ಉಸಿರು ಕೇಳಿಸಿತು. ಮೂವತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದ ಉಸಿರು.

"ಯಾರು? ಅಕ್ಕಯ್ಯನ ಮನೆಯವ್ರಾ? ಹೋದ್ಲಾ?" ಅಂದಳು ಗಂಗಿ.

"ಇಲ್ಲ ಕಣೇ!" ಅಂತ ಕೂಗಿದೆ.

"ಆಂ?"

"ಇದ್ದೀನಿ ಕಣೇ! ಇಲ್ಲೇ ಇದ್ದೀನಿ!"

ಕೇರಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಎದುರು ಮನೆಯಲ್ಲಿ ರುದ್ರಕ್ಕ ಬಾಗಿಲು ತೆಗೆದಳು. ಗಂಗಿ ಮೂಗು ಸೀಟಿಕೊಂಡದ್ದು ಕೇಳಿಸಿತು. ಆಮೇಲೆ, "ಮತ್ಯಾಕೆ ನಾನು ಎತ್ತೋಗಂಟ ರಿಂಗಾಗಕ್ಕೆ ಬುಟ್ಟೆ? ಕೈಯೋ, ಕೊಡಲಿಯೋ ಅದು? ಇಡು, ಕಾಫಿ ಉಕ್ತಾ ಐತೆ" ಅಂದು ಇಟ್ಟಳು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಾಫಿ ಇಳಿಸಿ ಸೋಸುವಷ್ಟು ಹೊತ್ತಾಗಿರಬೇಕು, ಒಂದು ರಿಂಗು ಬಂತು. ಬಂದು ನಿಂತಿತು. ನಾನು ಎತ್ತಲಿಲ್ಲ.

ಚೈತ್ರ ಹಾಸಿಗೆಯಿಂದಲೇ, "ಹೇಳಿದ್ಯಾ ಅಜ್ಜಿ?" ಅಂದಳು. "ಹೇಳ್ದೆ." "ಏನಂತ?" "ಸತ್ತಿಲ್ಲ ಅಂತ." ಅವಳು ಮುಸುಕು ಎಳೆದುಕೊಂಡು ನಕ್ಕಳು. ನಗಲಿ. ಯಾವಾಗ ನೋಡಿದರೂ ಫೋನು ಹಿಡಿದು ಕೂತಿರುತ್ತೀಯ ಅಂತ ಅವಳನ್ನು ಬೈಯುತ್ತಿದ್ದವಳು ನಾನು. ಈಗ ಕೋಳಿ ಕೂಗುವ ಮುಂಚೆಯೇ ಎದ್ದು, ಫೋನನ್ನು ಮಡಿಲಿಗೆ ಹಾಕಿಕೊಂಡು, ಚಾರ್ಜಿದೆಯೋ ಇಲ್ಲವೋ ಅಂತ ಎರಡೆರಡು ಸಲ ನೋಡುತ್ತ ಒಲೆಯ ಮುಂದೆ ಕೂತಿರುತ್ತೇನೆ. ಇವತ್ತೂ ಕಾಫಿ ಉಕ್ಕಿತು.